ಕೊನೆಯ ಸಾಲಿನ ಕೈ

ಹೆಂಡತಿ ಬಲಭುಜಕ್ಕೆ ಮುಲಾಮು ತಿಕ್ಕುತ್ತಿದ್ದಾಗ ಅವನು ಗೋಡೆಯ ಕಡೆ ಮುಖ ಮಾಡಿ ಕೂತು, ಇವತ್ತು ಹೇಳಿಯೇಬಿಡಬೇಕು ಎಂದು ಮೂರನೆಯ ಸಲ ಅಂದುಕೊಂಡ. ಗೋಡೆ ನೋಡುತ್ತಾ ಹೇಳುವುದೇ ಸುಲಭ. ಅವಳ ಕಣ್ಣು ಕಾಣುವುದಿಲ್ಲ. ಬೆನ್ನ ಮೇಲೆ ಆಡುವ ಕೈ ನಿಂತಿತೋ ಇಲ್ಲವೋ ಅಷ್ಟೇ ಗೊತ್ತಾಗುತ್ತದೆ. ನಿನ್ನ ದನಿ ಕೊನೆಯ ಸಾಲಿಗೆ ಬರುತ್ತಿಲ್ಲ, ಮೂರು ವರ್ಷದಿಂದ ಬರುತ್ತಿಲ್ಲ, ನಾನೇ ಕದ್ದು ಮೈಕಿಟ್ಟು ಎತ್ತುತ್ತಿದ್ದೇನೆ. ಇಷ್ಟೇ. ಹಲ್ಲುಜ್ಜುವಾಗ ಇದನ್ನು ಎರಡು ಸಲ ಹೇಳಿ ನೋಡಿಕೊಂಡಿದ್ದ. ನೊರೆ ತುಂಬಿದ ಬಾಯಲ್ಲಿ ಸಲೀಸಾಗಿ ಬಂದಿತ್ತು. ಆದರೆ ಇವತ್ತು ಪ್ರದರ್ಶನದ ದಿನ. ಪ್ರದರ್ಶನದ ದಿನ ಅವಳು ಮಾತಾಡುವುದಿಲ್ಲ. ಮದುವೆಯಾದಾಗಿನಿಂದ, ಮೂವತ್ತೊಂದು ವರ್ಷ, ಹೀಗೇ ನಡೆದುಬಂದಿದೆ. ಎದ್ದ ಗಳಿಗೆಯಿಂದ ಗಂಟಲಿಗೆ ರಜೆ. ಹೇಳಬೇಕಾದ್ದನ್ನೆಲ್ಲ ಮಕ್ಕಳ ಸ್ಲೇಟಿನ ಮೇಲೆ ಬಳಪದಲ್ಲಿ ಬರೆದು ತೋರಿಸುತ್ತಾಳೆ. ಉತ್ತರ ಕೊಡಲಾಗದವಳಿಗೆ ಇಂಥ ಮಾತು ಹೇಳುವುದು ಕಟ್ಟಿಹಾಕಿ ಹೊಡೆದ ಹಾಗಲ್ಲವೇ ಎಂದು ತನಗೆ ತಾನೇ ಕೇಳಿಕೊಂಡ. ಕೇಳಿಕೊಂಡು, ಸದ್ಯ ಒಂದು ನೆಪ ಸಿಕ್ಕಿತು ಅನ್ನುವ ಹಗುರ ಮನಸ್ಸಿಗೆ ಬಂದದ್ದನ್ನು ಗಮನಿಸಿ ನಾಚಿದ. ನಿನ್ನೆ ಅವಳು ಮಾತಾಡುತ್ತಿದ್ದಳಲ್ಲ, ನಿನ್ನೆ ಯಾಕೆ ಹೇಳಲಿಲ್ಲ? ಮೊನ್ನೆ? ಅವಳು ಅಂಗೈ ಒರೆಸಿಕೊಂಡು ಸ್ಲೇಟು ತಂದು ಅವನ ಮೂಗಿನ ಮುಂದೆ ಹಿಡಿದಳು. 'ಅಂಗಿ ಹಾಕ್ಕೊಳ್ಳಿ. ಗೋಡೆಗೆ ದೃಷ್ಟಿಯಾಗುತ್ತೆ.' ಅವನು ನಕ್ಕ. ಅವಳೂ ಸದ್ದಿಲ್ಲದೆ ನಕ್ಕಳು. ಆಗ ಅವನಿಗೆ ಹೊಳೆಯಿತು, ಇವತ್ತು ಬೆಳಗ್ಗೆ ಬಚ್ಚಲಿನಿಂದ ಅವಳ ಗುನುಗು ಕೇಳಿಸಿರಲಿಲ್ಲ. ಮಾತಿಗೆ ರಜೆಯಿದ್ದರೂ ಬಾಯಿ ಮುಚ್ಚಿಕೊಂಡು ಹತ್ತು ನಿಮಿಷ ಗುನುಗಿ ಗಂಟಲು ಬಿಸಿ ಮಾಡಿಕೊಳ್ಳುವುದನ್ನು ಅವಳು ಜ್ವರ ಬಂದ ದಿನವೂ ಬಿಟ್ಟವಳಲ್ಲ.

ಊಟದ ಮೇಜಿನ ಮೇಲೆ ಒಪ್ಪಿಗೆ ಪತ್ರ ಇತ್ತು. ಎರಡು ಹಾಳೆ, ಮೂಲೆಗೆ ಒಂದು ಗುಂಡುಸೂಜಿ. ಮುಂದಿನ ವರ್ಷದ ಒಪೆರಾದಲ್ಲಿ ರಾಜಮಾತೆಯ ಪಾತ್ರ. ರಂಗದ ಹಿಂಭಾಗದ ಎತ್ತರದ ಮೆಟ್ಟಿಲ ಮೇಲೆ ನಿಂತು ಹಾಡಬೇಕು. ಹಳೆಯ ಮ್ಯಾನೇಜರು ತಾವೇ ಬಂದು ಕೊಟ್ಟುಹೋಗಿದ್ದರು. 'ನಿಮ್ಮನ್ನ ಬಿಟ್ಟು ಇನ್ಯಾರಮ್ಮ ಮಾಡ್ತಾರೆ ಇದನ್ನ?' ಅಂದಿದ್ದರು. ಅವಳು ಬಾಗಿಲ ತನಕ ಬಂದು ಬೀಳ್ಕೊಟ್ಟು, ಬಾಗಿಲು ಹಾಕಿ, ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, 'ಐವತ್ತಾರು ವರ್ಷಕ್ಕೆ ಪಾತ್ರ ಸಿಕ್ತು ರೀ, ಅದೂ ಮೆಟ್ಟಿಲ ಮೇಲೆ! ಮಂಡಿಗೆ ಹೇಳ್ಬೇಕು' ಎಂದು ಹುಡುಗಿಯ ಹಾಗೆ ನಕ್ಕಿದ್ದಳು. ಆದರೆ ಸಹಿ ಹಾಕಿರಲಿಲ್ಲ. ಹೊಸ ಪಾತ್ರಕ್ಕೆ ಅವಳು ಸಹಿ ಹಾಕುವುದು ಒಂದೇ ರೀತಿಯಲ್ಲಿ: ಖಾಲಿ ಸಭಾಂಗಣದಲ್ಲಿ ಅವಳು ರಂಗದ ಮೇಲೆ ನಿಂತು ನಾಲ್ಕು ಸಾಲು ಹಾಡಬೇಕು, ಅವನು ಕೊನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತು ಕೇಳಬೇಕು, ತಲುಪಿದರೆ ಕೈ ಎತ್ತಬೇಕು. ಕೈ ಎದ್ದರೆ ಸಹಿ. ಇದರ ಬಗ್ಗೆ ಅವರಿಬ್ಬರೂ ಯಾವತ್ತೂ ಮಾತಾಡಿಕೊಂಡದ್ದಿಲ್ಲ. ಇವತ್ತು ಹನ್ನೊಂದು ಗಂಟೆಗೆ ಅದು ಆಗಬೇಕಿತ್ತು. ಅವಳು ಹಾಳೆಗಳನ್ನು ಮಡಿಸಿ ಕೈಚೀಲಕ್ಕೆ ಹಾಕಿಕೊಂಡಳು. ಸ್ಲೇಟಿನ ಮೇಲೆ, 'ಪೆನ್ನು ಇಟ್ಕೊಳ್ಳಿ, ನನ್ನದು ಸೋರುತ್ತೆ' ಎಂದು ಬರೆದಳು.

ಮೆಟ್ಟಿಲಿಳಿಯುವಾಗ ಕೆಳಮನೆಯ ಟೈಲರು ಬಾಗಿಲಲ್ಲೇ ಹಿಡಿದ. ಕುತ್ತಿಗೆಗೆ ಟೇಪು, ಬಾಯಲ್ಲಿ ಎರಡು ಗುಂಡುಸೂಜಿ. ಅವನ್ನು ತೆಗೆದು ಅಂಗಿಯ ಕಾಲರಿಗೆ ಸಿಕ್ಕಿಸಿಕೊಂಡು, 'ಅಮ್ಮಾವ್ರು ಮಾತಾಡದ ದಿನ ಮನೇಲಿ ನಿಮಗೆ ಸುಖಾನೇ ಸುಖ ಅಲ್ವಾ ಸಾರ್?' ಎಂದ. ಅವಳು ಹುಸಿಕೋಪದಿಂದ ಸ್ಲೇಟನ್ನು ಅವನ ತಲೆಗೆ ಬಡಿಯುವಂತೆ ಎತ್ತಿದಳು. 'ಶುಕ್ರವಾರ ಮೇಲ್ಗಡೆ ಬಾಲ್ಕನೀಲಿ ಕೂತಿದ್ದೆ ಅಮ್ಮ. ಆ ಬಾವಿ ಕಟ್ಟೆ ಹಾಡು. ಪಕ್ಕದಲ್ಲಿ ಕೂತು ಹೇಳಿದ ಹಾಗಿತ್ತು. ನನ್ನ ಹೆಂಡ್ತಿಗೆ ಹೇಳ್ದೆ, ನೋಡು, ಮೈಕಿಲ್ಲ ಮಣ್ಣಿಲ್ಲ, ಗಂಟಲು ಅಂದ್ರೆ ಇದು. ಈಗಿನವರಿಗೆ ಬಚ್ಚಲಲ್ಲಿ ಹಾಡೋಕೂ ಮೈಕ್ ಬೇಕು.' ಅವಳು ಕೈ ಮುಗಿದಳು. ಅವನಿಗೆ ಟೈಲರನ ಕಾಲರಿನ ಸೂಜಿಗಳನ್ನು ಬಿಟ್ಟು ಬೇರೆಲ್ಲಿ ನೋಡಬೇಕೋ ತಿಳಿಯಲಿಲ್ಲ. ಮೂರು ವರ್ಷದಿಂದ ಹೀಗೆ, ಅವಳಿಗೆ ಬಂದ ಹೊಗಳಿಕೆಯ ಎದುರು ಅವನು ಜೇಬಿಗೆ ಏನನ್ನೋ ಹಾಕಿಕೊಂಡು ಅಂಗಡಿಯಿಂದ ಹೊರಬರುವವನಂತೆ ನಿಲ್ಲುತ್ತಾನೆ. ರಸ್ತೆಗೆ ಇಳಿದ ಮೇಲೆ ಅವಳ ಮುಖ ನೋಡಿದ. ಟೈಲರನ ಮಾತಿಗೆ ಅವಳು ನಕ್ಕಿರಲಿಲ್ಲವೇ? ಕೈ ಮುಗಿಯುವಾಗ ನಕ್ಕಳೋ ಇಲ್ಲವೋ ನೆನಪಾಗಲಿಲ್ಲ.

ಬಸ್ಸಿನಲ್ಲಿ ಅವಳಿಗೆ ಕಿಟಕಿ ಕೊಟ್ಟು ಪಕ್ಕದಲ್ಲಿ ಕೂತ. ಗಾಳಿ ತಾಗದ ಹಾಗೆ ಅವಳು ಕುತ್ತಿಗೆಗೆ ಉಣ್ಣೆಯ ಬಟ್ಟೆ ಸುತ್ತಿಕೊಂಡಿದ್ದಳು. ಇಪ್ಪತ್ನಾಲ್ಕನೆಯ ವಯಸ್ಸಿನಲ್ಲೂ ಹೀಗೇ ಸುತ್ತಿಕೊಂಡು ಬಂದಿದ್ದಳು, ಮೊದಲ ಪರೀಕ್ಷೆಗೆ. ಆಗ ಅವನು ಒಪೆರಾ ಮಂದಿರದಲ್ಲಿ ಬಲ್ಬು ಬದಲಿಸುವವನು, ಜತೆಗೆ ತಗಡಿನ ಹಾಳೆ ಅಲುಗಾಡಿಸಿ ಪರದೆಯ ಹಿಂದೆ ಗುಡುಗು ಬರಿಸುವವನು. ಅದಕ್ಕೇ ಎಲ್ಲರೂ ಅವನನ್ನು ಗುಡುಗಣ್ಣ ಅನ್ನುತ್ತಿದ್ದರು, ಈಗಲೂ ಅನ್ನುತ್ತಾರೆ. ಪರೀಕ್ಷೆಗೆ ಬಂದವರ ಹೆಸರು ಕೂಗಲು ರಂಗದ ಮುಂದೆ ಒಂದು ಮೈಕು ನಿಲ್ಲಿಸಿದ್ದರು. ಅವಳು ಬಂದವಳೇ ಅದನ್ನು ನೋಡಿ, 'ಇದನ್ನ ತೆಗೀರಿ. ನನಗೂ ಅವರಿಗೂ ನಡುವೆ ಇದ್ಯಾಕೆ?' ಅಂದಳು. ಯಾರೂ ಏಳದಿದ್ದಾಗ ತಾನೇ ಎತ್ತಿ ಪಕ್ಕಕ್ಕಿಟ್ಟಳು. ಮೂರನೆಯ ಸಾಲಿನಲ್ಲಿ ಕೂತಿದ್ದ ಪರೀಕ್ಷಕರು ಮೂವರೂ ಕಲ್ಲಿನ ಹಾಗಿದ್ದರು. ಒಪೆರಾದಲ್ಲಿ ಮೈಕಿಟ್ಟುಕೊಂಡು ಹಾಡುವವರನ್ನು ಹಾಡುಗಾರರೆನ್ನುವುದಿಲ್ಲ. ಅರವತ್ತು ವಾದ್ಯಗಳನ್ನು ದಾಟಿ, ಸಾವಿರ ಜನರ ಮೈಶಾಖವನ್ನು ದಾಟಿ, ಬರಿಯ ಎದೆ ಗಂಟಲಿನಿಂದ ಹೋಗಿ ಕೊನೆಯ ಗೋಡೆಗೆ ಮುಟ್ಟಬೇಕು. ಕಿರುಚಿದರೆ ಯಾರ ದನಿಯಾದರೂ ಮುಟ್ಟುತ್ತದೆ. ಪಿಸುಗುಟ್ಟಿದ್ದು ಮುಟ್ಟಬೇಕು, ಅದು ವಿದ್ಯೆ. ಅವಳು ಹಾಡಿದಳು. ಪರೀಕ್ಷಕರು ಬರೆದುಕೊಂಡರು, ಮುಖವೆತ್ತಲಿಲ್ಲ. ಅವಳು ಹೆದರಿ ಅವರ ತಲೆಗಳ ಮೇಲಿಂದ ಕತ್ತಲೆಯತ್ತ ನೋಡಿದಳು. ಅಲ್ಲಿ ಕೊನೆಯ ಸಾಲಿನಲ್ಲಿ ಏಣಿಯ ಮೇಲೆ ಉರಿದುಹೋದ ಬಲ್ಬು ಹಿಡಿದು ನಿಂತಿದ್ದವನು, ಏನು ಮಾಡುತ್ತಿದ್ದೇನೆಂದು ತಿಳಿಯದೆ, ಬಲ್ಬಿನ ಸಮೇತ ಕೈ ಎತ್ತಿದ. ಕೇಳಿಸಿತು, ಪೂರ್ತಿ ಕೇಳಿಸಿತು. ಆಮೇಲೆ ಅವಳು ಅದನ್ನು ಎಷ್ಟು ಜನಕ್ಕೆ ಹೇಳಿ ನಗಿಸಿಲ್ಲ! 'ನನ್ನ ಮೊದಲನೇ ಚಪ್ಪಾಳೆ ಒಂದೇ ಕೈಯದು, ಅದರಲ್ಲೂ ಫ್ಯೂಸ್ ಹೋದ ಬಲ್ಬು.' ಬಸ್ಸು ತಿರುಗಿತು. ಅವಳ ಭುಜ ಅವನ ನೋಯುವ ಭುಜಕ್ಕೆ ಒತ್ತಿತು. ಈಗ ಹೇಳಬಹುದು, ಕಿವಿಯ ಹತ್ತಿರ ಬಗ್ಗಿ. ಮುಂದಿನ ಸೀಟಿನ ಮುದುಕ ಕಿಟಕಿ ತೆರೆದ. ಅವನು ಎದ್ದು, 'ದಯವಿಟ್ಟು ಮುಚ್ಚಿ, ಇವರಿಗೆ ಸಂಜೆ ಹಾಡೋದಿದೆ' ಎಂದ. ಮುದುಕ ಗೌರವದಿಂದ ಮುಚ್ಚಿದ. ಹೇಳುವುದು ಅಲ್ಲಿಗೆ ತಪ್ಪಿತು.

ಮಂದಿರದ ಹಿಂಬಾಗಿಲಲ್ಲಿ ಅವಳು ಬಟ್ಟೆ ಬದಲಿಸುವ ಕೋಣೆಯ ಕಡೆ ಹೋದಳು, ಅವನು ತನ್ನ ಗೂಡಿಗೆ ಹೊರಟ. ಓಣಿಯಲ್ಲಿ ಬಣ್ಣ ಹಚ್ಚುವ ಹೆಂಗಸು ವಿಗ್ಗುಗಳ ಬುಟ್ಟಿ ಹೊತ್ತು ಎದುರಾದಳು. 'ಏನ್ ಗುಡುಗಣ್ಣ, ಮುಖ ಮೋಡ ಕಟ್ಟಿದೆ?' ಅವನು ಭುಜ ತೋರಿಸಿದ. 'ನಿಮಗೆ ಭುಜ, ಅಕ್ಕನಿಗೆ ತಲೆ. ಶನಿವಾರ ನೋಡಿ, ವಿಗ್ಗು ಇಡೋಕೆ ಹೋದ್ರೆ ನನ್ನ ಕೈ ಹಿಡ್ಕೊಂಡು, ಇದರೊಳಗೆ ಏನೂ ಇಲ್ಲ ತಾನೇ ಅಂತ ಕೇಳಿದ್ರು. ಹೇನಿದೆಯಾ ಅಂತ ಕೇಳ್ತಿದಾರೆ ಅಂದ್ಕೊಂಡು ನನಗೆ ಉರಿದುಹೋಯ್ತು. ಇಪ್ಪತ್ತು ವರ್ಷದಿಂದ ನನ್ನ ವಿಗ್ಗಲ್ಲಿ ಒಂದು ಹೇನು ತೋರಿಸಲಿ ಯಾರಾದ್ರೂ! ಅಂದೆ. ಅದಕ್ಕೆ ಅಳೋದಾ ಅವರು? ಅಲ್ಲ, ಅಳೋ ಅಂಥದ್ದು ನಾನೇನಂದೆ?' ಅವನು, 'ಪಾತ್ರದ ಗುಂಗಲ್ಲಿರ್ತಾಳೆ, ತಪ್ಪು ತಿಳ್ಕೋಬೇಡಿ' ಎಂದ. ಅಂದು ನಾಲ್ಕು ಹೆಜ್ಜೆ ನಡೆದವನು ನಿಂತುಬಿಟ್ಟ. ವಿಗ್ಗಿನೊಳಗೆ ಏನು ಹುಡುಕಿದಳು? ಇಲ್ಲ, ಪಾತ್ರದ ಗುಂಗು. ತಾನೇ ಹೇಳಿದ ಮಾತನ್ನು ತಾನೇ ನಂಬುವುದು ಅವನಿಗೆ ಈಗೀಗ ಕಷ್ಟವಾಗುತ್ತಿರಲಿಲ್ಲ.

ಗೂಡೆಂದರೆ ಸಭಾಂಗಣದ ಹಿಂದಿನ ಗೋಡೆಯಲ್ಲಿ ಕೊರೆದ, ಗಾಜು ಹಾಕಿದ ಪುಟ್ಟ ಕೋಣೆ; ಈಗ ಅವನು ಮಂದಿರದ ಸದ್ದು ನೋಡಿಕೊಳ್ಳುವುದು ಅಲ್ಲಿಂದ. ಮೇಜಿನ ಮೇಲೆ ದನಿ ಏರಿಸಿ ಇಳಿಸುವ ಸಾಲು ಸಾಲು ಜಾರುಗುಂಡಿ. ಅವುಗಳಲ್ಲಿ ಒಂದರ ತಲೆಗೆ ಅವನು ಒಂದು ಚುಕ್ಕೆ ಹಸಿರು ಉಗುರುಬಣ್ಣ ಹಚ್ಚಿದ್ದ. ಅದು ಅವಳು. ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ಹೀಗೇ ಕೊನೆಯ ಕುರ್ಚಿಯಲ್ಲಿ ಕೂತಿದ್ದಾಗ ಅವಳ ಮೆಲುದನಿ ಅರ್ಧ ದಾರಿಯಲ್ಲೇ ಎಲ್ಲೋ ಕುಸಿದಿತ್ತು. ಬಾಯಿ ತೆರೆದಿತ್ತು, ದನಿ ಬರಲಿಲ್ಲ. ಮಂಜಿನಲ್ಲಿ ಬರುವವರ ಕಾಲಿನ ಸದ್ದಿನಂತೆ ಒಂದಿಷ್ಟು ಬಂದು ನಿಂತಿತು. ತನ್ನ ಕಿವಿಯೇ ಕೆಟ್ಟಿತು ಎಂದುಕೊಂಡು ಅವನು ಕೈ ಎತ್ತಿದ. ಅವಳು ಸಹಿ ಹಾಕಿದಳು. ಮಾರನೆಯ ದಿನ ಯಾರಿಗೂ ಹೇಳದೆ ಕಿವಿಯ ಡಾಕ್ಟರ ಹತ್ತಿರ ಹೋದ. ಪುಟ್ಟ ಕೋಣೆಯಲ್ಲಿ ಕೂರಿಸಿ, ಶಬ್ದ ಕೇಳಿಸಿದಾಗಲೆಲ್ಲ ಗುಂಡಿ ಒತ್ತಿ ಎಂದರು. ದೇವರೇ ಕೇಳಿಸದಿರಲಿ ಎಂದುಕೊಂಡು ಕೂತ. ಒಂದೊಂದೂ ಕೇಳಿಸಿತು, ಸೊಳ್ಳೆಯ ರೆಕ್ಕೆಯಷ್ಟು ಸಣ್ಣದೂ ಕೇಳಿಸಿತು. 'ನಿಮ್ಮ ವಯಸ್ಸಲ್ಲಿ ಇಂಥ ಕಿವಿ ನಾನು ನೋಡಿಲ್ಲ. ಖುಷಿಯಾಗಿ ಮನೆಗೆ ಹೋಗಿ' ಎಂದರು ಡಾಕ್ಟರು. ಅವನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಅತ್ತ. ಪಕ್ಕದಲ್ಲಿದ್ದ ಯಾರೋ ಹೆಂಗಸು ಅವನ ಕೈಯಲ್ಲಿದ್ದ ಆಸ್ಪತ್ರೆಯ ಚೀಟಿ ನೋಡಿ, 'ಧೈರ್ಯ ತಗೊಳ್ಳಿ ಅಣ್ಣ, ಈಗ ಎಲ್ಲದಕ್ಕೂ ಔಷಧಿ ಬಂದಿದೆ' ಎಂದಳು.

ಆ ವಾರವೇ ಮ್ಯಾನೇಜರು ಕರೆದು ಬಾಗಿಲು ಹಾಕಿಕೊಂಡಿದ್ದರು. 'ನೋಡಿ ಗುಡುಗಣ್ಣ, ಜನ ಅವರ ಹೆಸರಿಗೆ ಬರ್ತಾರೆ. ಅವರ ಮನಸ್ಸಿಗೆ ನೋವಾಗಬಾರ್ದು. ಸೆಟ್ಟಲ್ಲಿ ಎಲ್ಲಾದ್ರೂ ಅಡಗಿಸಿಡಿ, ದನಿ ಉಗುರಿನಷ್ಟು ಎತ್ತಿ, ಸಾಕು. ಹಾಡೋರಿಗೆ ರೆಕಾರ್ಡಿಂಗ್‌ಗೆ ಅನ್ನಿ. ಅವರಿಗೆ ನಿಜ ಹೇಳೋದು ಬಿಡೋದು ನಿಮ್ಮ ಮನೆ ವಿಷಯ.' ಮನೆಯ ವಿಷಯ ಮನೆಯಲ್ಲಿ ಆಡಿದ್ದಿಲ್ಲ. ರಟ್ಟಿನ ಕಲ್ಲುಗಳ ಸಂದಿಯಲ್ಲಿ, ಹೂಕುಂಡದ ಮಣ್ಣಿನಲ್ಲಿ, ಈ ಸಲದ ಒಪೆರಾದಲ್ಲಿ ಬಾವಿಯ ಕಟ್ಟೆಯೊಳಗೆ, ಕಡಲೆ ಕಾಳಿನಷ್ಟು ದೊಡ್ಡ ಮೈಕುಗಳನ್ನು ಅವನು ಕೂರಿಸಿದ. ಸ್ಪೀಕರುಗಳು ರಂಗದ ಕಮಾನಿನ ಮೇಲೆ, ಪ್ಲಾಸ್ಟರಿನ ಬಳ್ಳಿಗಳ ಹಿಂದೆ. ಕೆಲಸ ಎಷ್ಟು ಚೆನ್ನಾಗಿತ್ತೆಂದರೆ ಅದನ್ನು ಯಾರಿಗೂ ತೋರಿಸಿಕೊಳ್ಳಲಾಗದ್ದು ಒಂದೊಂದು ಸಲ ಅವನಿಗೇ ಬೇಸರವಾಗುತ್ತಿತ್ತು. ಅದರ ಗುಟ್ಟು ಇಷ್ಟೇ: ಸ್ಪೀಕರಿನ ದನಿಯನ್ನು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ತಡೆದು ಬಿಡಬೇಕು. ಅವಳ ಬಾಯಿಂದ ಹೊರಟ ಸಣ್ಣ ದನಿ ಮೊದಲು ಕಿವಿ ಮುಟ್ಟುತ್ತದೆ; ಹಿಂದೆಯೇ ಬಂದ ದೊಡ್ಡದನ್ನೂ ಕಿವಿ ಆ ಮೊದಲಿನದಕ್ಕೇ ಸೇರಿಸಿಕೊಳ್ಳುತ್ತದೆ. ಕಿವಿ ಮೊದಲು ಬಂದವರನ್ನು ನಂಬುತ್ತದೆ. ಆಮೇಲೆ ಬಂದದ್ದೆಲ್ಲ ಅವರದ್ದೇ ಅಂದುಕೊಳ್ಳುತ್ತದೆ. ಹಾಗೆ ಮೈಕಿಟ್ಟ ಮೊದಲ ರಾತ್ರಿ ಅವಳು ಮನೆಗೆ ಬಂದು ಚಪ್ಪಲಿ ಬಿಚ್ಚುತ್ತಾ, 'ಅಷ್ಟು ದೊಡ್ಡ ಹಾಲು, ನನ್ನ ಗುರುತು ಇನ್ನೂ ಮರ್ತಿಲ್ಲ ರೀ' ಅಂದಿದ್ದಳು. ಆ ಒಂದು ಮಾತಿಗಾಗಿ ಅವನು ಉಗುರಿನಷ್ಟನ್ನು ಎರಡು ಉಗುರು ಮಾಡಿದ, ವರ್ಷ ಕಳೆಯುವಾಗ ಹೆಬ್ಬೆರಳಿನಷ್ಟು ಮಾಡಿದ.

ಹೋದ ಶುಕ್ರವಾರ ಅವನ ಕೈ ತಪ್ಪಿತು. ಬಾವಿಯ ಕಟ್ಟೆಯ ಹಾಡು ಮುಗಿದು, ಕೊನೆಯ ಮೆಲುದನಿ ಆರುತ್ತಿದ್ದಂತೆ ಹಸಿರು ಚುಕ್ಕೆಯನ್ನು ಕೆಳಕ್ಕೆ ಎಳೆಯಬೇಕು. ಎಳೆಯಲಿಲ್ಲ. ಅವಳು ಕಟ್ಟೆಗೆ ಕೈಯೂರಿ ಕೂತದ್ದನ್ನು ನೋಡುತ್ತಿದ್ದ. ಪಾತ್ರವಲ್ಲ, ಮಂಡಿ ನೋವಿನಿಂದ ಹಾಗೆ ಕೂರುತ್ತಾಳೆ, ಮನೆಯಲ್ಲಿ ಮಂಚದ ಮೇಲೆ ಕೂರುವುದೂ ಹಾಗೇ. ಎರಡು ಕ್ಷಣ. ಅಷ್ಟರಲ್ಲಿ ಅವಳು ಬಿಟ್ಟ ಉಸಿರು ಕಮಾನಿನ ಮೇಲಿನಿಂದ, ಯಾರೋ ಛಾವಣಿಯಲ್ಲಿ ಮಲಗಿ ನಿಟ್ಟುಸಿರಿಟ್ಟ ಹಾಗೆ, ಸಭಾಂಗಣದೊಳಕ್ಕೆ ಇಳಿಯಿತು. ಯಾರೂ ತಿರುಗಿ ನೋಡಲಿಲ್ಲ. ಅವಳು ಮಾತ್ರ ತಲೆಯೆತ್ತಿದಳು. ಪಾತ್ರವೂ ಅಲ್ಲಿ ಆಕಾಶ ನೋಡಬೇಕು, ನಿಜ. ಆದರೆ ನಾಲ್ಕು ಮಾತು ಆದ ಮೇಲೆ. ಆ ರಾತ್ರಿ ಊಟ ಬಡಿಸುವಾಗ, 'ಕಮಾನಿನ ಮೇಲೆ ಪಾರಿವಾಳ ಸೇರ್ಕೊಂಡಿದ್ಯಾ ರೀ?' ಎಂದು ಕೇಳಿದಳು. 'ಇರಬಹುದು. ನೋಡ್ತೀನಿ' ಎಂದ. 'ಓಡಿಸ್ಬೇಡಿ, ಪಾಪ. ಗೂಡು ಕಟ್ಟಿರುತ್ತೆ' ಎಂದಳು. ಆಮೇಲೆ ಇಬ್ಬರೂ ಊಟ ಮಾಡಿದರು. ಅವಳು ಅವತ್ತು ಎರಡು ಸಲ ಬಡಿಸಿಕೊಂಡಿದ್ದಳು, ಅಂದ ಮೇಲೆ ಅವಳಿಗೇನೂ ಗೊತ್ತಾಗಿಲ್ಲ ಎಂದು ಅವನು ಐದು ದಿನದಿಂದ ಆ ಎರಡು ಸಲವನ್ನೇ ಹಿಡಿದು ಜೋತಾಡುತ್ತಿದ್ದ.

ಅಷ್ಟಕ್ಕೇ ಮುಗಿದಿದ್ದರೆ ಹೇಳದೆಯೇ ಇನ್ನೂ ಹತ್ತು ವರ್ಷ ತಳ್ಳುತ್ತಿದ್ದನೇನೋ. ನಿನ್ನೆ ಕೋಲು ಮೇಷ್ಟ್ರು ಗೂಡಿಗೇ ಬಂದರು. ವಾದ್ಯದವರಿಗೆ ಕೋಲಾಡಿಸಿ ತಾಳ ಹಿಡಿಸುವ ಹೊಸಬರು, ಮಗನ ವಯಸ್ಸು, ಸಾಧು ಮನುಷ್ಯ. ಕೂರಲು ಹೇಳಿದರೂ ಕೂರಲಿಲ್ಲ. 'ಸರ್, ಮುಂದಿನ ವರ್ಷದಿಂದ ಎಲ್ಲಾ ನನ್ನ ಜವಾಬ್ದಾರಿ ಅಂದಿದಾರೆ. ಒಂದು ಮಾತು. ಆ ಕಟ್ಟೆಯೊಳಗಿರೋದು, ಹೂಕುಂಡದಲ್ಲಿರೋದು, ಅವೆಲ್ಲ ಬೇಡ. ನಾನು ವಾದ್ಯಗಳ ನಡುವೆ ನಿಂತಿರ್ತೀನಿ, ನನಗೆ ಗೊತ್ತಾಗುತ್ತೆ. ಯಾರಿಗೋಸ್ಕರ ಅಂತ ಕೇಳಲ್ಲ. ಹಾಡೋರು ಹಾಡ್ಲಿ, ಕೇಳೋರು ಕೇಳ್ಲಿ, ನಾವು ನಡುವೆ ಬರೋದು ಬೇಡ.' ಅವನು, 'ಆಯ್ತು ಮೇಷ್ಟ್ರೇ' ಎಂದ. ಮೂವತ್ತೆರಡು ವರ್ಷದ ಹಿಂದೆ ಮೈಕು ಎತ್ತಿ ಪಕ್ಕಕ್ಕಿಟ್ಟ ಹುಡುಗಿಯ ಮಾತನ್ನೇ ಈ ಹುಡುಗ ಆಡಿದ್ದ. ಕೋಪ ಮಾಡಿಕೊಳ್ಳಲೂ ಆಗಲಿಲ್ಲ. ಮುಂದಿನ ವರ್ಷ ಅವಳು ರಾಜಮಾತೆಯ ಉಡುಪಿನಲ್ಲಿ ಎತ್ತರದ ಮೆಟ್ಟಿಲ ಮೇಲೆ ನಿಂತು ಬಾಯಿ ತೆರೆಯುತ್ತಾಳೆ. ಸಾವಿರ ಜನ ಮುಂದಕ್ಕೆ ಬಾಗುತ್ತಾರೆ. ಏನು, ಏನಂದರು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಬಾಲ್ಕನಿಯಲ್ಲಿ ಯಾರೋ ಕೆಮ್ಮುತ್ತಾರೆ, ಆ ಕೆಮ್ಮು ಅವಳ ಹಾಡಿಗಿಂತ ದೊಡ್ಡದಾಗಿ ಕೇಳುತ್ತದೆ. ರಾತ್ರಿಯೆಲ್ಲ ಅವನಿಗೆ ಆ ಕೆಮ್ಮು ಕೇಳಿಸುತ್ತಿತ್ತು. ಹೇಳುವುದು ತನ್ನಿಂದಾಗದು. ಆದರೆ ಹೇಳಲೇಬೇಕಾಗಿಲ್ಲ ಎಂದು ಈಗ ಗೂಡಿನಲ್ಲಿ ಕೂತಿದ್ದಾಗ ಹೊಳೆಯಿತು. ಕೈ ಎತ್ತದಿದ್ದರಾಯಿತು. ಕೈ ಎತ್ತದೆ ಸುಮ್ಮನೆ ಕೂತರೆ ಅವಳು ಸಹಿ ಹಾಕುವುದಿಲ್ಲ. ವಯಸ್ಸಾಯಿತು ಎಂದುಕೊಳ್ಳುತ್ತಾಳೆ, ಅಳುತ್ತಾಳೆ, ಆದರೆ ಇಂದಿನಿಂದ ತಲುಪುತ್ತಿಲ್ಲ ಎಂದಷ್ಟೇ ಅಂದುಕೊಳ್ಳುತ್ತಾಳೆ. ಮೂರು ವರ್ಷ ಅವಳದ್ದಾಗಿಯೇ ಉಳಿಯುತ್ತವೆ. ಯೋಚಿಸಿದಷ್ಟೂ ಇದು ಬಲು ಜಾಣ ದಾರಿಯಾಗಿ ಕಂಡಿತು. ಹಸಿರು ಚುಕ್ಕೆ ತಳದಲ್ಲಿದೆಯೇ ಎಂದು ನೋಡಿ, ಮುಖ್ಯ ಸ್ವಿಚ್ಚನ್ನೂ ಆರಿಸಿ, ಗೂಡಿನಿಂದ ಹೊರಬಂದ.

ಕೊನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತ. ಅವತ್ತು ಏಣಿ ಹತ್ತಿ ಬದಲಿಸಿದ ಬಲ್ಬಿನ ಜಾಗದಲ್ಲಿ ಇವತ್ತೂ ಒಂದು ಮಂಕು ಬಲ್ಬು, ಎತ್ತಿದ ಕೈ ಕಾಣುವಷ್ಟು. ಕುರ್ಚಿಯ ಕೈಗಳ ಕೆಂಪು ಬಟ್ಟೆ ಸವೆದು ದಾರ ಕಾಣುತ್ತಿತ್ತು. ಖಾಲಿ ಕುರ್ಚಿಗಳು ಸಾಲು ಸಾಲಾಗಿ ಬೆನ್ನು ತೋರಿಸಿ ಕೂತಿದ್ದವು. ಅವಳು ಪಕ್ಕದ ಪರದೆಯಿಂದ ಬಂದು, ಕೈಚೀಲವನ್ನೂ ಸ್ಲೇಟನ್ನೂ ಬಾವಿಯ ಕಟ್ಟೆಯ ಮೇಲಿಟ್ಟು, ಕುತ್ತಿಗೆಯ ಉಣ್ಣೆಬಟ್ಟೆ ಬಿಚ್ಚಿ ಅದರ ಮೇಲೆ ಹಾಕಿದಳು. ಅಷ್ಟು ದೂರದಿಂದ ಮುಖ ಹೆಬ್ಬೆಟ್ಟಿನ ಗಾತ್ರ. ಎರಡು ಬೆರಳನ್ನು ಕೊರಳೆಲುಬಿನ ಮೇಲಿಟ್ಟುಕೊಂಡಳು. ಹಾಡುವ ಮುಂಚೆ ಯಾವತ್ತೂ ಹಾಗೆ ಇಡುತ್ತಾಳೆ. ಎದೆ ಎದ್ದಿತು. ಅವನು ಬಲಗೈಯನ್ನು ತೊಡೆಯ ಮೇಲಿಟ್ಟು ಅದರ ಮೇಲೆ ಎಡಗೈ ಇಟ್ಟು ಒತ್ತಿ ಹಿಡಿದ. ಬಾಯಿ ತೆರೆಯಿತು. ಗೋಡೆಯೊಳಗಿನ ನೀರಿನ ಕೊಳವೆ ಗೊಳಗೊಳ ಎಂದಿತು. ಅವನ ಗಡಿಯಾರ ಕೇಳಿಸಿತು. ಅವಳು ಹಾಡಿನ ಮೊದಲ ಸಾಲಿನಲ್ಲಿದ್ದಳು. ತುಟಿಗಳು ಎಲ್ಲಿ ಅಗಲವಾಗುತ್ತವೆ, ಎಲ್ಲಿ ಕೂಡುತ್ತವೆ ಅವನಿಗೆ ಬಾಯಿಪಾಠ. ಎರಡನೆಯ ಸಾಲು. ಏನೂ ಇಲ್ಲ. ಹೋದ ತಿಂಗಳ ತಾಲೀಮಿನಲ್ಲಿ ಮಂಜಿನಷ್ಟಾದರೂ ಬಂದಿತ್ತಲ್ಲ, ಈಗ ಅದೂ ಇಲ್ಲವೇ? ಇಷ್ಟು ಬೇಗ? ತಾನು ಎತ್ತಿ ಎತ್ತಿಯೇ ಅದು ನಡೆಯುವುದನ್ನು ಮರೆಯಿತೇ, ಎತ್ತಿಕೊಂಡೇ ತಿರುಗಿಸಿದ ಮಗುವಿನ ಹಾಗೆ? ಮೂರನೆಯ ಸಾಲಿನಲ್ಲಿ ಅವಳು ಎಡಗೈಯನ್ನು ಸ್ವಲ್ಪ ಮುಂದಕ್ಕೆ ಚಾಚಿದಳು. ಆ ಕೈ ತುಂಬ ಸಣ್ಣದಾಗಿ, ತುಂಬ ದೂರದಲ್ಲಿ, ತನ್ನನ್ನೇ ಕೇಳುತ್ತಿದ್ದಂತೆ ಅವನಿಗೆ ಕಂಡಿತು. ಎತ್ತಬಾರದು. ಎತ್ತಿದರೆ ಮೆಟ್ಟಿಲು, ಸಾವಿರ ಜನ, ಕೆಮ್ಮು. ನಾಲ್ಕನೆಯ ಸಾಲಿನ ಕೊನೆ. ತುಟಿಗಳು ದುಂಡಗಾಗಿ ನಿಂತವು, ಪಿಸುಗುಟ್ಟಿದ್ದು ಮುಟ್ಟಬೇಕಾದ ಜಾಗ. ಅವಳು ಖಾಲಿ ಕುರ್ಚಿಗಳ ಮೇಲಿಂದ ಕತ್ತಲೆಯತ್ತ, ಏಣಿಯಿದ್ದ ಜಾಗದತ್ತ, ಆವತ್ತಿನ ಹಾಗೇ ಹೆದರಿ ನೋಡಿದಳು. ಎಡಗೈ ಯಾವಾಗ ಸಡಿಲವಾಯಿತೋ ತಿಳಿಯದು. ಬಲಭುಜದಲ್ಲಿ ಛಳಕ್ಕೆಂದಾಗಲೇ ಅವನಿಗೆ ಗೊತ್ತಾದದ್ದು. ಕೈ ಮೇಲಿತ್ತು.

ಅವಳ ತುಟಿಗಳು ಮುಚ್ಚಿಕೊಂಡವು. ಕಟ್ಟೆಯನ್ನು ದಾಟಿ ಮೂರು ಹೆಜ್ಜೆ ಮುಂದೆ ಬಂದು ರಂಗದ ಅಂಚಿನಲ್ಲಿ ನಿಂತಳು.

'ನಾನು ಹಾಡ್ಲಿಲ್ಲ ರೀ' ಎಂದಳು.

ಜೋರಾಗಿ ಅನ್ನಲಿಲ್ಲ. ಹಾಲು ಉಕ್ಕಿತು ನೋಡಿ, ಎಂದು ಒಳಗಿನಿಂದ ಹೇಳುವಾಗಿನ ದನಿ. ಇವತ್ತಿನ ಮೊದಲ ಮಾತು. ಒಂದಕ್ಷರ ಬಿಡದೆ ಅವನಿಗೆ ಕೇಳಿಸಿತು.

'ಬರೀ ಬಾಯಿ ಆಡಿಸಿದೆ. ನಾಲ್ಕು ಸಾಲೂ.'

ಇವತ್ತು ಹೇಳಬೇಕು ಅಂತಲೇ ಇದ್ದೆ, ಬೆಳಗ್ಗೆಯಿಂದ ಹೇಳಬೇಕು ಅಂತ, ಎಂದು ಅವನು ಹೇಳಿದ. ಹೇಳಿದೆ ಎಂದುಕೊಂಡ.

'ಏನಂದ್ರಿ? ಕೇಳಿಸ್ತಿಲ್ಲ ಇಲ್ಲಿಗೆ.'

ಅವನು ಇನ್ನೊಂದು ಸಲ ಬಾಯಿ ತೆರೆದ. ಅವನ ದನಿ ಹತ್ತನೆಯ ಸಾಲನ್ನೂ ದಾಟುವಂಥದ್ದಲ್ಲ. ದಾಟಿಸುವ ವಿದ್ಯೆ ಅವನು ಕಲಿತವನಲ್ಲ. ಅವಳು ತಲೆಯೆತ್ತಿ ಕಮಾನಿನ ಕಡೆ ನೋಡಿದಳು. ಆಮೇಲೆ, 'ಹಾಗಾದ್ರೆ ಪಾರಿವಾಳ ಇರ್ಲಿಲ್ಲ' ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. 'ಎಷ್ಟು ದಿನದಿಂದ?'

ಎತ್ತಿದ್ದ ಕೈಯಲ್ಲಿ ಹೆಬ್ಬೆರಳನ್ನೂ ಕಿರುಬೆರಳನ್ನೂ ಮಡಿಸಿ ಅವನು ಮೂರು ಬೆರಳು ತೋರಿಸಿದ.

'ಮೂರು ತಿಂಗಳು?'

ಬೆರಳುಗಳು ಅಲ್ಲಾಡಲಿಲ್ಲ. ಅವಳು ಅವನ್ನೇ ನೋಡುತ್ತಾ ನಿಂತಳು. ಒಂದೊಂದು ಸಂಜೆಯನ್ನೂ, ಒಂದೊಂದು ಹೂಗುಚ್ಛವನ್ನೂ, ಚಪ್ಪಲಿ ಬಿಚ್ಚುತ್ತಾ ಆಡಿದ ಮಾತನ್ನೂ ಅವಳು ಹಿಂದಕ್ಕೆ ಕೊಡುತ್ತಾ ಹೋಗುವುದು ಅಷ್ಟು ದೂರದಿಂದಲೂ ಅವನಿಗೆ ಕಾಣಿಸಿತು. 'ಓ' ಎಂದಳು, ಕೊನೆಗೆ. ಹಿಂದಕ್ಕೆ ಹೋಗಿ ಕಟ್ಟೆಗೆ ಕೈಯೂರಿ, ಮಂಡಿ ಸಂಭಾಳಿಸಿಕೊಂಡು ಕೂತಳು. ಕೈಚೀಲದಿಂದ ಪತ್ರ ತೆಗೆದು, ಬಿಚ್ಚಿ ನೋಡದೆ, ರಟ್ಟಿನ ಬಾವಿಯೊಳಕ್ಕೆ ಹಾಕಿದಳು. ಅದು ತಳ ಮುಟ್ಟಿದ ಸದ್ದು ಬರಲಿಲ್ಲ.

'ಸಂಜೆ ಹೊತ್ತಿಗೆ ಇದರೊಳಗಿರೋದನ್ನ ಕಿತ್ತುಬಿಡಿ. ಇವತ್ತೊಂದಿನ ಹಾಡ್ತೀನಿ. ಮುಂದಿನ ಎರಡು ಸಾಲಿಗಾದ್ರೂ ಕೇಳುತ್ತಲ್ಲ.'

ಅವನು ತಲೆಯಾಡಿಸಿದ, ಅಷ್ಟು ದೂರಕ್ಕೆ ಅವಳಿಗೆ ಕಾಣಿಸಿರಲಾರದು. ಅವಳು ಉಣ್ಣೆಬಟ್ಟೆ ತೆಗೆದುಕೊಂಡು ಸುತ್ತು ಸುತ್ತಾಗಿ ಕುತ್ತಿಗೆಗೆ ಸುತ್ತಿಕೊಂಡಳು, ಇನ್ನೂ ಕಾಪಾಡಬೇಕಾದ್ದು ಅಲ್ಲಿ ಇದೆ ಅನ್ನುವ ಹಾಗೆ. ಸ್ಲೇಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಪರದೆಯ ಹತ್ತಿರ ಹೋದವಳು ನಿಂತು ತಿರುಗಿದಳು.

'ಕೈ ಇಳಿಸ್ರೀ' ಎಂದಳು. 'ರಾತ್ರಿ ಮತ್ತೆ ನೋವು ಅಂತೀರಿ.'